ಒಂಬತ್ತಕ್ಕೆ ಕಾಣದ ತಪ್ಪು

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಕರಡಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಕರಡು ಹಾಳೆ ತಿದ್ದುವುದೇ ಅವಳ ಕೆಲಸ. ಮನೆಯಲ್ಲಿ ಒಬ್ಬರನ್ನಷ್ಟೇ ಓದಿಸಲು ಆಗುತ್ತಿದ್ದ ಕಾಲದಲ್ಲಿ ಅಕ್ಕ ಕಾಲೇಜಿಗೆ ಹೋದಳು, ಇವಳು ಇಲ್ಲಿಗೆ ಬಂದಳು. ಅದಕ್ಕೆ ಮುಖ ಸಣ್ಣ ಮಾಡಿದವಳಲ್ಲ. ಸಂಜೆ ಅಕ್ಕನ ಪಕ್ಕ ಕೂತು, ಅವಳು ಕಲಿತು ಬಂದ ಲೆಕ್ಕವನ್ನೆಲ್ಲ ಬಿಸಿ ಆರುವ ಮೊದಲೇ ಕಲಿತುಬಿಡುತ್ತಿದ್ದಳು. ಆಮೇಲೆ ತಿದ್ದಿದ ಪುಸ್ತಕಗಳೇ ಅವಳ ಕಾಲೇಜು.

ಆ ವಾರ ಗಣಿತದ ಮೇಷ್ಟ್ರೊಬ್ಬರ ಪುಸ್ತಕ ಬಂದಿತ್ತು. ಅದರಲ್ಲೊಂದು ಸಂಖ್ಯೆ: ಅರವತ್ತೇಳು ಎರಡುಗಳನ್ನು ಒಟ್ಟಿಗೆ ಗುಣಿಸಿ, ಒಂದು ಕಳೆದರೆ ಬರುವ ಇಪ್ಪತ್ತೊಂದು ಅಂಕಿಗಳದ್ದು. ಯಾವುದಕ್ಕೂ ಜಗ್ಗದಂತೆ ಕಾಣುವ ಅದು ನಿಜಕ್ಕೂ ಸಂಯುಕ್ತ ಸಂಖ್ಯೆ. 193707721 ಮತ್ತು 761838257287 ಎಂಬ ಎರಡೇ ಅವಿಭಾಜ್ಯಗಳ ಗುಣಲಬ್ಧ. ಇಷ್ಟು ದೊಡ್ಡ ಗಂಟಿಗೆ ಎರಡೇ ಎಳೆ! ಓದುತ್ತಲೇ ಅವಳ ಮೈ ಜುಮ್ಮೆಂದಿತು.

ಜೊತೆಗಾತಿ ಹಸ್ತಪ್ರತಿಯಿಂದ ಅಂಕಿ ಅಂಕಿಯಾಗಿ ಓದಿದಳು, ಕರಡಕ್ಕ ಕರಡಿನಲ್ಲಿ ಬೆರಳಿಟ್ಟು ನೋಡಿದಳು. ಒಂದೂ ತಪ್ಪಿಲ್ಲ. ಆದರೂ ಮನಸ್ಸು ಕೇಳಲಿಲ್ಲ. ರದ್ದಿ ಕಾಗದದ ಮೇಲೆ ಗುಣಾಕಾರ ಸರಿಯೇ ಎಂದು ನೋಡಲು ಅಕ್ಕ ಕಲಿಸಿದ ಹನ್ನೊಂದರ ತಾಳೆ ಹಾಕಿದಳು. ಎರಡು ಅವಿಭಾಜ್ಯಗಳ ಲೆಕ್ಕದಂತೆ ಆರು ಬರಬೇಕಿತ್ತು; ಗುಣಲಬ್ಧದಲ್ಲಿ ಮೂರು ಬಂತು. ಮತ್ತೆ ಹಾಕಿದಳು. ಮತ್ತೆ ಮೂರು.

"ಮೇಷ್ಟ್ರಿಗೇ ಪಾಠ ಹೇಳೋಕೆ ಹೊರಟೆಯಾ?" ಅವಳು ಹಾಳೆ ಹಿಡಿದು ಎದುರು ನಿಂತಾಗ ಮುದ್ರಣಾಲಯದ ಯಜಮಾನರು ಗದರಿದರು. "ಹಸ್ತಪ್ರತಿಯಲ್ಲಿ ಇದ್ದ ಹಾಗೇ ಇದೆ. ಅವರ ಸಹಿಯೂ ಆಗಿದೆ."

"ಹಸ್ತಪ್ರತಿಯೇ ತಪ್ಪಿದೆ ಯಜಮಾನ್ರೇ. ಅವರನ್ನ ಒಂದ್ಸಲ ಕರೆಸಿ."

"ಕರೆಸ್ತೀನಿ. ನಿನ್ನ ಮಾತು ಸುಳ್ಳಾದ್ರೆ ನಾಳೆಯಿಂದ ಸೀಸೆಗೆ ಅಂಟಿಸೋ ಲೇಬಲ್ ತಿದ್ತಾ ಕೂತ್ಕೋ. ಪುಸ್ತಕದ ತಂಟೆ ಬೇಡ."

"ಆಗಲಿ," ಎಂದಳು.

ಮೇಷ್ಟ್ರು ಬಂದವರೇ ನಿಂತಲ್ಲೇ ಒಂಬತ್ತರ ತಾಳೆ ಹಾಕಿದರು. ಅಂಕಿಗಳನ್ನು ಕೂಡುತ್ತ ಹೋದರೆ ಮೂರು ಸಂಖ್ಯೆಗಳೂ ಕೊನೆಗೆ ಒಂದಕ್ಕೇ ಇಳಿದವು. "ನೋಡಿ ತಾಯಿ, ಒಂದೊಂದ್ಲೇ ಒಂದು. ಸರಿಹೋಯ್ತಲ್ಲ?"

ಅಚ್ಚಿನ ಮಷೀನಿನವನು ಕಿಸಕ್ಕನೆ ನಕ್ಕ. "ಅಕ್ಕಾ, ಲೇಬಲ್ಲಿಗೆ ಗೋಂದು ತರ್ಲಾ?"

ಕರಡಕ್ಕ ಅವನತ್ತ ತಿರುಗಲಿಲ್ಲ. "ಸರ್, ಪಕ್ಕಪಕ್ಕದ ಎರಡು ಅಂಕಿ ಜಾಗ ಬದಲಾಯಿಸಿಕೊಂಡ್ರೆ ಒಂಬತ್ತಕ್ಕೆ ಗೊತ್ತಾಗಲ್ಲ. ಕೂಡಿದ್ರೆ ಮೊತ್ತ ಅಷ್ಟೇ ಇರುತ್ತಲ್ಲ? ಹನ್ನೊಂದಕ್ಕೆ ಗೊತ್ತಾಗುತ್ತೆ. ಅದರಲ್ಲಿ ಒಂದು ಬಿಟ್ಟು ಒಂದು ಕೂಡಿ, ಬಿಟ್ಟದ್ದನ್ನ ಕಳೀತೀವಿ."

ಮೇಷ್ಟ್ರ ಪೆನ್ಸಿಲ್ ಗಾಳಿಯಲ್ಲೇ ನಿಂತಿತು. ಅವರು ಕುರ್ಚಿ ಎಳೆದುಕೊಂಡು, "ಗುಣಿಸೇಬಿಡೋಣ," ಎಂದರು.

ದೊಡ್ಡ ಹಾಳೆಯ ಮೇಲೆ ಎಂಟು ಸಾಲು ಇಳಿದವು. ಬಲತುದಿಯಿಂದ ಕೂಡಲು ಹೊರಟರೆ ಮೊದಲು ಏಳು, ಆಮೇಲೆ ಎರಡು. ಅಚ್ಚಿನಲ್ಲಿ ಅಲ್ಲಿ ಒಂಬತ್ತಿತ್ತು. ಮುಂದಿನದು ಒಂಬತ್ತು; ಅಚ್ಚಿನಲ್ಲಿ ಎರಡು.

"ಸಿಕ್ಕಿತು!" ಎಂದು ಮೇಷ್ಟ್ರು ಪೆನ್ಸಿಲ್ ಕೆಳಗಿಟ್ಟರು. "ನಕಲು ಮಾಡುವಾಗ ನನ್ನ ಕೈಯೇ ತಪ್ಪಿದೆ."

"ಪೂರ್ತಿ ಕೂಡಿ ಸರ್. ಬೇರೆಲ್ಲೂ ಇಲ್ಲ ಅಂತ ಗೊತ್ತಾಗಬೇಕಲ್ಲ."

ಅವರು ಕೊನೆಯವರೆಗೂ ಕೂಡಿದರು. 147573952589676412927. ಇಪ್ಪತ್ತೊಂದೂ ಅಂಕಿ ಸಾಲಾಗಿ ನಿಂತವು. ಬೇರೆ ತಪ್ಪಿರಲಿಲ್ಲ.

ಮೇಷ್ಟ್ರು ಎದ್ದು ಯಜಮಾನರತ್ತ ತಿರುಗಿದರು. "ಇಂಥ ಸಂಖ್ಯೆ ಪುಸ್ತಕದಲ್ಲಿ ಇನ್ನೂ ನಲವತ್ತಿವೆ. ಇವರು ನೋಡದೆ ಒಂದು ಹಾಳೆಯೂ ಅಚ್ಚಾಗೋದು ಬೇಡ."

"ನಲವತ್ತಾ!" ಯಜಮಾನರು ತಲೆ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ತಮ್ಮ ಮೇಜಿನ ಮೇಲಿದ್ದುದನ್ನೆಲ್ಲ ಒಂದು ಬದಿಗೆ ಸರಿಸಿ, "ಇಲ್ಲೇ ಕೂತ್ಕೊಳ್ಳಮ್ಮ, ಬೆಳಕು ಚೆನ್ನಾಗಿದೆ," ಎಂದರು.

ಅವಳು ಕೂತಳು. ಹಸ್ತಪ್ರತಿಯನ್ನು ಎದೆಯ ಹತ್ತಿರ ಎಳೆದುಕೊಂಡಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

ಮಷೀನಿನವನು ಕೈಯ ಮಸಿ ಒರೆಸಿಕೊಳ್ಳುತ್ತ ಹತ್ತಿರ ಬಂದ. "ಅಕ್ಕಾ, ಆ ಹನ್ನೊಂದರದ್ದು ನಂಗೂ ಸ್ವಲ್ಪ ಹೇಳಿಕೊಡ್ತೀರಾ?"

"ಬಾ, ಕೂತ್ಕೋ," ಎಂದಳು ಕರಡಕ್ಕ. "ಬಲಗಡೆಯಿಂದ ಶುರು ಮಾಡು."