ಒಪ್ಪಿಗೆಗೆ ಕಾಯುತ್ತಿದ್ದ ಕೈ

ಕರಾರು ಕಾಯ್ದೆ ಕಲಿಸುತ್ತಿದ್ದ ನಮ್ಮ ಸರ್ ಕ್ಲಾಸಿಗೆ ಬಂದವರೇ ಜೇಬಿನ ಪೆನ್ನು ತೆಗೆದು ಯಾರದಾದರೂ ಮೂಗಿನ ಮುಂದೆ ಹಿಡಿಯುತ್ತಿದ್ದರು. "ನಿನ್ನ ವಾಚಿಗೆ ಬದಲು ಇದನ್ನು ಕೊಡ್ತೇನೆ. ಆಗಬಹುದಾ?" ಹುಡುಗ ನಾಚಿ ನಕ್ಕರೆ, ಅಂಗೈಯನ್ನು ಕಿವಿಗೆ ಆನಿಸಿ ಕಾಯುತ್ತಿದ್ದರು. "ಬಾಯಿ ಬಿಟ್ಟು ಹೇಳು ಮಾರಾಯ. ಸುಮ್ಮನೆ ಕೂತರೆ ಒಪ್ಪಿಗೆ ಆಗುವುದಿಲ್ಲ." ವರ್ಷವಿಡೀ ಅದೇ ಮಾತು, ಅದೇ ಕೈ. ನಮ್ಮ ಸಹಪಾಠಿಯಾಗಿದ್ದ ಅವರ ಮಗಳು ಮುಂದಿನ ಬೆಂಚಿನಲ್ಲಿ ಕೂತು ನಮಗಿಂತ ಜೋರಾಗಿ ನಗುತ್ತಿದ್ದಳು.

ಕಳೆದ ವರ್ಷ ಬೋಳಾರದ ಸಭಾಂಗಣದಲ್ಲಿ ಅವಳ ನಿಶ್ಚಿತಾರ್ಥ. ಎರಡೂ ಕಡೆಯವರು ವೀಳ್ಯದ ಹರಿವಾಣ ಬದಲಿಸಿಕೊಂಡರೆ ಮಾತು ಗಟ್ಟಿಯಾದ ಹಾಗೆ. ಅದಕ್ಕೆ ಮೊದಲು ಹುಡುಗನ ಅಜ್ಜಿ ಕೇಳಿದರು, "ಹುಡುಗಿಗೆ ಒಪ್ಪಿಗೆ ಉಂಟಲ್ಲ?"

ಎಲ್ಲರೂ ಅವಳತ್ತ ತಿರುಗಿದರು. ಅವಳು ಅಪ್ಪನನ್ನೇ ದಿಟ್ಟಿಸುತ್ತಿದ್ದಳು, ತುಟಿ ಬಿಚ್ಚಲಿಲ್ಲ. ಅಪ್ಪ ಕಲಿಸಿದ ಪಾಠವನ್ನೇ ಅಪ್ಪನಿಗೆ ಒಪ್ಪಿಸುತ್ತಿದ್ದಾಳೆಂದು ನನಗೆ ಹೊಳೆಯಿತು.

ಸರ್ ನಕ್ಕರು. "ಎಂತ ಕೇಳ್ತೀರಿ ಅಮ್ಮ, ಬೇಡ ಅಂತ ಹೇಳ್ಲಿಲ್ಲ ಅಲ್ವಾ?"

ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಅದು ಕಿವಿಗೆ ಹೋಗಲಿಲ್ಲ. ಹರಿವಾಣ ಎತ್ತಿತು.