ರಾಯರ ಹೆಸರಿನಲ್ಲಿ ತಿದ್ದುಪಡಿ

ನಿವೃತ್ತನಾದ ಮೇಲೆ ಡೊಂಬಿವಲಿಯ ಕನ್ನಡ ಲೈಬ್ರರಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಸಿಕ್ಕಿತಲ್ಲ, ನನ್ನ ಖುಷಿ ಕೇಳಬೇಡಿ. ಮುಂಚೆ ಆ ಕುರ್ಚಿಯಲ್ಲಿದ್ದ ರಾಯರು ಹಠಾತ್ತನೆ ತೀರಿಕೊಂಡಿದ್ದರು. ಹೊಸ ಲಾಗಿನ್ ಮಾಡುವುದು ಯಾರಿಗೂ ಗೊತ್ತಿರಲಿಲ್ಲ. ನಾನೂ ಅವರದ್ದರಲ್ಲೇ ಕೆಲಸ ಮಾಡುತ್ತಿದ್ದೆ.

ಒಂದು ಸಂಜೆ ಅವರ ಹೆಂಡತಿ, ಉಡುಪಿ ಕಡೆಯವರು, ಮನೆಯಲ್ಲಿ ಉಳಿದಿದ್ದ ಅಡುಗೆ ಪುಸ್ತಕ ಹಿಂದಿರುಗಿಸಲು ಬಂದರು. ಕಂಪ್ಯೂಟರಿನಲ್ಲಿ ಹುಡುಕಿದರೆ, ಹಿಂದಿನ ದಿನ ಪಟ್ಟಿ ಸರಿಮಾಡುವಾಗ ನಾನದನ್ನು ಆಯುರ್ವೇದ ವಿಭಾಗಕ್ಕೆ ಸೇರಿಸಿಬಿಟ್ಟಿದ್ದೆ. ಕೆಳಗೆ ‘ಬದಲಾಯಿಸಿದವರು’ ಎಂದು ರಾಯರ ಹೆಸರು, ನಿನ್ನೆಯ ತಾರೀಖು.

ಆಕೆ ಪರದೆಯನ್ನೇ ನೋಡುತ್ತ ನಿಂತರು. ನಾನು ಲಾಗಿನ್ ಕತೆಯನ್ನು ಉದ್ದಕ್ಕೆ ವಿವರಿಸಿದೆ.

“ಪುಸ್ತಕದ ಒಂದು ಕಾರ್ಡ್ ತಪ್ಪಿದ್ರೆ ಅವರು ರಾತ್ರಿ ಉಣ್ತಿರಲಿಲ್ಲ ಮಾರಾಯ್ರೆ,” ಎಂದರು. “ನಿಮ್ಮ ತಪ್ಪನ್ನು ಸತ್ತವರ ತಲೆಗೆ ಯಾಕೆ ಕಟ್ತೀರಿ? ನೋಡಿದವರು ಅವರಿಗೇ ಅಲ್ವಾ ಬೈಯುವುದು?”

“ಈಗಲೇ ಅಳಿಸ್ತೇನೆ ಅಕ್ಕ,” ಅಂದೆ.

ಯಂತ್ರ ಹಳೆಯದನ್ನು ಅಳಿಸಲು ಬಿಡಲಿಲ್ಲ, ಹೊಸದಾಗಿ ತಿದ್ದಲು ಮಾತ್ರ ಬಿಟ್ಟಿತು. ಅಡುಗೆ ಎಂದು ತಿದ್ದಿದೆ. ಅದೂ ರಾಯರ ಹೆಸರಿನಲ್ಲೇ ದಾಖಲಾಯಿತು.

ಆಕೆ ಕನ್ನಡಕ ಸರಿಮಾಡಿಕೊಂಡು ಓದಿದರು. “ಹಾಂ, ಇದು ಅವರದ್ದೇ ಕೆಲಸ,” ಎಂದು ಕಣ್ಣೊರೆಸಿಕೊಂಡು ಹೊರಟರು.

ಆ ವಾರ ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸವೂ ಹಾಗೆ ರಾಯರ ಖಾತೆಗೆ ಹೋಯಿತು.