ಏಳು ನಲವತ್ತರ ಗಾಡಿ ಮತ್ತು ನಮ್ಮಣ್ಣ

ನಮ್ಮಣ್ಣನಿಗೆ ಜನ ಇಟ್ಟ ಹೆಸರು ‘ಈಗ ಬಂದೆ’. ನಗರದ ಹೊರವಲಯದ ಒಂದು ಪುಟ್ಟ ರೈಲು ನಿಲ್ದಾಣವನ್ನು ಅವನು ಇಪ್ಪತ್ತೆರಡು ವರ್ಷಗಳಿಂದ ಒಬ್ಬನೇ ನೋಡಿಕೊಳ್ಳುತ್ತಿದ್ದಾನೆ. ಟಿಕೆಟ್ ಕೊಡುವವನೂ ಅವನೇ, ಮೈಕಿನಲ್ಲಿ ಕೂಗುವವನೂ ಅವನೇ, ಹಸಿರು ಬಾವುಟ ತೋರಿಸುವವನೂ ಅವನೇ. ಗಾಡಿ ಹಿಂದಿನ ನಿಲ್ದಾಣ ಬಿಟ್ಟಿತೆಂದು ಫೋನು ಬಂದ ಕೂಡಲೇ ಟಿಕೆಟ್ ಕಿಟಕಿಗೆ ‘ಈಗ ಬಂದೆ’ ಎಂದು ಬರೆದ ಮರದ ಹಲಗೆ ತೂಗುಹಾಕಿ ಮೈಕಿನ ಕಡೆ ಓಡುತ್ತಾನೆ. ಅಲ್ಲಿಂದ ಟೋಪಿ ಸಿಕ್ಕಿಸಿಕೊಂಡು ಪ್ಲಾಟ್‌ಫಾರ್ಮಿಗೆ. ಅಂದರೆ ಜನಕ್ಕೆ ಟಿಕೆಟ್ ಬೇಕಾದ ಹೊತ್ತಿಗೆ ಸರಿಯಾಗಿ ಕಿಟಕಿ ಮುಚ್ಚಿರುತ್ತದೆ. ಇಂಥ ವ್ಯವಸ್ಥೆ ಮಾಡಿದ ಪುಣ್ಯಾತ್ಮ ಯಾರೋ, ಜನ್ಮದಲ್ಲಿ ರೈಲು ಹತ್ತಿದವನಲ್ಲ.

ಬೈಸಿಕೊಳ್ಳುವವನು ಮಾತ್ರ ನಮ್ಮಣ್ಣ. ಅವನ ಸ್ವಭಾವವೋ, ಬೈದವರಿಗೇ ಕೈಮುಗಿಯುವಂಥದ್ದು. ಜನರ ಪರದಾಟ ನೋಡಲಾರದೆ ಒಂದು ಉಪಾಯ ಹೇಳಿಕೊಡತೊಡಗಿದ. ‘ತಿಂಗಳ ಪಾಸು ಮಾಡಿಸಿಕೊಳ್ಳಿ, ಆದರೆ ಇಲ್ಲಿ ಬೇಡ. ನಾನು ಕೈಯಲ್ಲಿ ಬರೆದುಕೊಡುವುದರೊಳಗೆ ಗಾಡಿ ಹೋಗಿರುತ್ತದೆ, ಜಂಕ್ಷನ್ನಿನಲ್ಲಿ ಯಂತ್ರವಿದೆ, ಎರಡು ನಿಮಿಷದ ಕೆಲಸ’ ಎಂದು ಕಂಡಕಂಡವರಿಗೆಲ್ಲ ಹೇಳಿದ. ನನಗೂ ಹೇಳಿದ. ಐದಾರು ವರ್ಷಗಳಲ್ಲಿ ನಿತ್ಯ ಓಡಾಡುವ ನಾವು ಮುನ್ನೂರು ಜನರೂ ಜಂಕ್ಷನ್ನಿನ ಪಾಸಿನವರಾದೆವು. ಕಿಟಕಿಯ ಮುಂದಿನ ಜಗಳ ನಿಂತಿತು. ಏನೋ ದೊಡ್ಡ ಸಾಧನೆ ಮಾಡಿದವನಂತೆ ಅಣ್ಣ ನೆಮ್ಮದಿಯಾಗಿದ್ದ.

ಆಮೇಲೆ ಮೇಲಿನ ಕಚೇರಿಯಿಂದ ಕಾಗದ ಬಂತು. ನಿಮ್ಮಲ್ಲಿ ಬೆಳಿಗ್ಗೆ ಹತ್ತು ಟಿಕೆಟ್ಟೂ ಹೋಗುತ್ತಿಲ್ಲ, ಆದ್ದರಿಂದ ಬರುವ ತಿಂಗಳ ಒಂದನೇ ತಾರೀಖಿನಿಂದ ಏಳು ನಲವತ್ತರ ಗಾಡಿ ಅಲ್ಲಿ ನಿಲ್ಲುವುದಿಲ್ಲ ಎಂದಿತ್ತು. ನಮ್ಮ ಪಾಸುಗಳೆಲ್ಲ ಜಂಕ್ಷನ್ನಿನ ಲೆಕ್ಕಕ್ಕೆ ಸೇರಿದ್ದವು. ಕಾಗದದ ಪ್ರಕಾರ ನಾವು ಯಾರೂ ಇಲ್ಲಿ ಗಾಡಿ ಹತ್ತುತ್ತಲೇ ಇರಲಿಲ್ಲ.

ಆ ಗಾಡಿ ಬಿಟ್ಟರೆ ನಮಗೆ ಎಂಟೂ ಇಪ್ಪತ್ತೈದರದ್ದೇ ಗತಿ. ಏಳು ನಲವತ್ತಕ್ಕೆ ಮುಂಚೆ ಗಾಡಿಯೇ ಇಲ್ಲ, ಬಸ್ಸು ಈ ಕಡೆ ಬರುವುದಿಲ್ಲ. ನಾನು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಎಂಟೂವರೆಗೆ ನಾನು ಬೀಗ ತೆಗೆಯದಿದ್ದರೆ ವಾರ್ಡುಗಳಿಗೆ ಹಾಸಿಗೆಯ ಬಟ್ಟೆ ಹೋಗುವುದಿಲ್ಲ. ವರ್ಷದಲ್ಲಿ ಮೂರು ಸಲ ತಡವಾದರೆ ಆ ಬೀಗದ ಕೈ ಇನ್ನೊಬ್ಬರ ಪಾಲು; ನಾನು ಮತ್ತೆ ಒಗೆಯುವ ಯಂತ್ರದ ಮುಂದೆ. ಹದಿನಾಲ್ಕು ವರ್ಷ ಬೆನ್ನು ಬಗ್ಗಿಸಿ ದುಡಿದ ಮೇಲೆ ಕೈಗೆ ಬಂದ ಬೀಗದ ಕೈ ಅದು.

ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಣ್ಣನಿಗೆ ಬಾಯಿಗೆ ಬಂದಂತೆ ಅಂದೆ. ಅತ್ತಿಗೆ ಒಲೆ ಆರಿಸಿ ನಡುವೆ ಬಂದರೂ ಬಿಡಲಿಲ್ಲ.

“ಒಳ್ಳೆಯವನಾಗೋಕೆ ಹೋಗಿ ಮುನ್ನೂರು ಜನಾನ ಅಳಿಸಿಹಾಕಿಬಿಟ್ಟೆಯಲ್ಲ ಅಣ್ಣ.”

ಅವನು ಮಾರನೆಯ ದಿನ ರಜೆ ಹಾಕಿ ಮೇಲಿನ ಕಚೇರಿಗೆ ಹೋದ. ಯಾರ್ಯಾರದೋ ಕೈಕಾಲು ಹಿಡಿದು ಬಂದ. ಸೋಮವಾರ ಒಂದು ದಿನದ ಲೆಕ್ಕ ನೋಡುತ್ತಾರಂತೆ, ಕಿಟಕಿಯಲ್ಲಿ ನೂರು ಟಿಕೆಟ್ ಹೋದರೆ ಮರುಪರಿಶೀಲನೆ ಮಾಡುತ್ತಾರಂತೆ. ಪಾಸಿದ್ದರೂ ಅವತ್ತು ಟಿಕೆಟ್ ಕೊಳ್ಳಿ ಎಂದು ಒಬ್ಬೊಬ್ಬರಿಗೂ ನಾನೇ ದುಂಬಾಲು ಬಿದ್ದೆ.

ಸೋಮವಾರ ಏಳೂ ಇಪ್ಪತ್ತಕ್ಕೆ ಅಣ್ಣ ಕಿಟಕಿ ತೆರೆದಾಗ ಸಾಲು ಗೇಟು ದಾಟಿತ್ತು. ಅವನ ತಾರೀಖು ಒತ್ತುವ ಯಂತ್ರವೋ ಓಬೀರಾಯನ ಕಾಲದ್ದು, ಪ್ರತಿ ಟಿಕೆಟ್ಟಿಗೂ ಎರಡೆರಡು ಸಲ ಗುದ್ದಬೇಕು. ಏಳು ಮೂವತ್ತಾರಕ್ಕೆ ಫೋನು ಹೊಡೆದುಕೊಂಡಿತು. ಆಗ ಹೋಗಿದ್ದದ್ದು ಅರವತ್ತೊಂದು ಟಿಕೆಟ್. ಅಣ್ಣನ ಕೈ ಅಭ್ಯಾಸಬಲದಿಂದ ಹಲಗೆಯ ಕಡೆ ಹೋಯಿತು.

“ಹಲಗೆ ಮುಟ್ಟಿದ್ರೆ ನೋಡು” ಎಂದೆ.

ಅವನು ನನ್ನನ್ನು ನೋಡಿದ, ನನ್ನ ಹಿಂದಿನ ಸಾಲನ್ನು ನೋಡಿದ. ಹಲಗೆಯನ್ನು ಮೇಜಿನ ಕೆಳಗೆ ತಳ್ಳಿ ಮುಂದಿನ ಟಿಕೆಟ್ ಗುದ್ದಿದ.

ಗಾಡಿ ಬಂದು ನಿಂತಿತು. ಹಸಿರು ಬಾವುಟ ಕಾಣದೆ ಅದು ಹೊರಡುವಂತಿಲ್ಲ. ಬಾವುಟ ಅಣ್ಣನ ಕುರ್ಚಿಯ ಹಿಂದೆ ಸುತ್ತಿಕೊಂಡು ಬಿದ್ದಿತ್ತು. ಚಾಲಕ ಸೀಟಿಯ ಮೇಲೆ ಸೀಟಿ ಹಾಕಿದ. ಅಣ್ಣ ಬೆವರೊರೆಸಿಕೊಳ್ಳದೆ ಗುದ್ದುತ್ತಲೇ ಇದ್ದ. ನೂರ ಇಪ್ಪತ್ತಾರನೆಯ ಟಿಕೆಟ್ ಕೊಟ್ಟಾದ ಮೇಲೆ, ಟೋಪಿಯೂ ಇಲ್ಲದೆ ಓಡಿಹೋಗಿ ಬಾವುಟ ತೋರಿಸಿದ. ಹನ್ನೊಂದು ನಿಮಿಷ ತಡ. ನನಗೂ ಅವತ್ತು ತಡವಾಯಿತು, ಒಂದನೇ ಸಲ. ಆದರೂ ಗಾಡಿಯಲ್ಲಿ ಕಂಬಿ ಹಿಡಿದು ನಿಂತು ಸುಮ್ಮನೆ ನಗುತ್ತಿದ್ದೆ. ಅಣ್ಣನ ಬಗ್ಗೆ ಅಷ್ಟು ಹೆಮ್ಮೆ ನನಗೆ ಹಿಂದೆಂದೂ ಆಗಿರಲಿಲ್ಲ.

ವಾರದ ಮೇಲೆ ಉತ್ತರ ಬಂತು. ನೂರ ಇಪ್ಪತ್ತಾರರ ಸುದ್ದಿ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ನಿಮ್ಮ ನಿಲ್ದಾಣದಲ್ಲಿ ಪ್ರಯಾಣಿಕರ ಸಂಖ್ಯೆ ಹೆಚ್ಚಿ ಗಾಡಿ ಹನ್ನೊಂದು ನಿಮಿಷ ತಡವಾಗಿದೆ, ಹಿಂದೆ ಬರುವ ಗಾಡಿಗಳಿಗೆಲ್ಲ ತೊಂದರೆಯಾಗಿದೆ, ಆದ್ದರಿಂದ ನಿಲುಗಡೆ ರದ್ದು ಎಂದು ಬರೆದಿದ್ದರು. ಮೊದಲು ಜನ ಇಲ್ಲ ಅಂತ. ಈಗ ಜನ ಜಾಸ್ತಿ ಅಂತ. ಕಾಗದವನ್ನು ನಾಲ್ಕು ಸಲ ಓದಿದೆ. ಮೈಯೆಲ್ಲ ಉರಿದುಹೋಯಿತು. ಆದರೆ ಯಾರ ಮೇಲೆ ಕೂಗಾಡಲಿ? ಹಲಗೆ ಮುಟ್ಟಬೇಡ ಎಂದವಳು ನಾನೇ. ಅವತ್ತಿನಿಂದ ಅಣ್ಣನೂ ನಾನೂ ಒಂದೇ ಮನೆಯಲ್ಲಿದ್ದುಕೊಂಡು ಮಾತಾಡಲಿಲ್ಲ.

ಒಂದನೇ ತಾರೀಖು ಬೆಳಿಗ್ಗೆ ಏಳು ನಲವತ್ತಕ್ಕೆ ಅಣ್ಣ ಪ್ಲಾಟ್‌ಫಾರ್ಮಿನ ಅಂಚಿನಲ್ಲಿ ಬಾವುಟ ಹಿಡಿದು ನಿಂತಿದ್ದ. ನಿಲ್ಲದ ಗಾಡಿಗೂ ಹಸಿರು ತೋರಿಸಬೇಕಂತೆ. ಗಾಡಿ ನಮ್ಮ ಮುಂದೆಯೇ ಧಡಧಡ ಹೋಯಿತು. ಅರ್ಧಕ್ಕರ್ಧ ಖಾಲಿ. ಅವನು ಬಾವುಟವನ್ನು ಬಹಳ ಹೊತ್ತು ಸುತ್ತುತ್ತಿದ್ದ.

ಎಂಟೂ ಇಪ್ಪತ್ತರ ಹೊತ್ತಿಗೆ ನಾನು ಕಿಟಕಿಗೆ ಹೋಗಿ ಒಂದು ಟಿಕೆಟ್ ಕೇಳಿದೆ. ಕೈಚೀಲದಲ್ಲಿ ಬೀಗದ ಕೈ ಇತ್ತು. ಇವತ್ತಿಗೆ ಎರಡನೇ ಸಲ ತಡ. ನಾಳೆ ಮೂರನೆಯದು, ಬೀಗದ ಕೈ ಕೊಟ್ಟುಬಿಡಬೇಕು.

“ಪಾಸ್ ಇದೆಯಲ್ಲೇ ನಿನ್ನ ಹತ್ರ?” ಎಂದ ಅಣ್ಣ.

“ಇರಲಿ ಬಿಡು. ಇಲ್ಲಿಂದ ಒಬ್ಬಳು ಹತ್ತಿದಳು ಅಂತಾದ್ರೂ ಬರ್ಕೋ.”

ಅವನು ಎರಡು ಸಲ ಗುದ್ದಿ ಟಿಕೆಟ್ಟನ್ನು ನನ್ನತ್ತ ತಳ್ಳಿದ. ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಅವನು ಹಲಗೆ ಕೈಗೆತ್ತಿಕೊಂಡ, ತೂಗುಹಾಕಲಿಲ್ಲ. ಅದನ್ನು ಹಿಡಿದುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತ.

“ಹಾಕು ಅಣ್ಣ” ಎಂದೆ, “ಗಾಡಿ ಬರ್ತಿದೆ.”